ಸ್ಕ್ವಾಟಿಗೂ ಒಂದೇ ನಿಮಿಷ, ಕೈ ಮಡಚೋದಕ್ಕೂ ಒಂದೇ ನಿಮಿಷ!

ಸಂಪಾದಕರಿಗೆ ನಮಸ್ಕಾರ.

ಹೋದ ವಾರ ನಿಮ್ಮ ಪುರವಣಿಯಲ್ಲಿ ಮೊಬೈಲ್ ಆ್ಯಪ್ ನೋಡಿಕೊಂಡು ವ್ಯಾಯಾಮ ಮಾಡುವುದರ ಬಗ್ಗೆ ಒಂದು ಪುಟ ಬಂದಿತ್ತು. ಪಕ್ಕದಲ್ಲಿ ಬಣ್ಣದ ಪಟ್ಟಿ. ಎಂಟು ವ್ಯಾಯಾಮ. ಎಲ್ಲದಕ್ಕೂ 12 ರೆಪ್, ಅಂದರೆ ನಿಲ್ಲದೆ ಹನ್ನೆರಡು ಸಲ ಎತ್ತಿ ಇಳಿಸುವುದು. ಅಂಥ ಒಂದು ಸುತ್ತು ಒಂದು ಸೆಟ್. ಮೂರು ಸೆಟ್, ನಡುವೆ 60 ಸೆಕೆಂಡ್ ರೆಸ್ಟ್. ಭಾರ ಹೆಗಲ ಮೇಲಿಟ್ಟು ಕೂತು ಏಳುವ ಸ್ಕ್ವಾಟಿಗೂ ಅಷ್ಟೇ, ನೆಲದಿಂದ ಭಾರ ಎತ್ತಿ ನಿಲ್ಲುವ ಡೆಡ್‌ಲಿಫ್ಟಿಗೂ ಅಷ್ಟೇ, ಬರೀ ಮೊಣಕೈ ಮಡಚಿ ಎತ್ತುವ ಬೈಸೆಪ್ಸ್ ಕರ್ಲಿಗೂ ಅಷ್ಟೇ. ಸುಮ್ನೆ ಓದಿ ಪಕ್ಕಕ್ಕಿಡುತ್ತಿದ್ದೆನೋ ಏನೋ. ಆದರೆ ನಮ್ಮ ಜಿಮ್ಮಿನ ಹುಡುಗರು ಆ ಪಟ್ಟಿಯನ್ನು ಕತ್ತರಿಸಿ ಕನ್ನಡಿ ಪಕ್ಕ ಅಂಟಿಸಿಬಿಟ್ಟಿದ್ದಾರೆ. ಬೆಳಿಗ್ಗೆ ಆರು ಗಂಟೆಗೆ ಬಾಗಿಲು ತಳ್ಳಿದರೆ ಮೊದಲು ಕಾಣುವುದೇ ಅದು. ಅದಕ್ಕೇ ಈ ಪತ್ರ.

ನಾನು ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುವವಳು. ವಯಸ್ಸು 51. ಮನೆ ವಿಜಯನಗರ. ಎರಡು ವರ್ಷದ ಹಿಂದೆ ಡಾಕ್ಟರು ನನ್ನ ಮೂಳೆಯ ರಿಪೋರ್ಟ್ ನೋಡಿ, ‘ವಾಕಿಂಗ್ ಒಂದೇ ಸಾಲದು ಮೇಡಂ, ಭಾರ ಎತ್ತಿ’ ಅಂದರು. ನಾನು ಅಲ್ಲಿಯವರೆಗೆ ಎತ್ತಿದ್ದ ದೊಡ್ಡ ಭಾರ ಅಂದರೆ ಪೂರಕ ಪರೀಕ್ಷೆಯ ಉತ್ತರಪತ್ರಿಕೆ ಕಟ್ಟು. ವಾರಕ್ಕೆ ಎರಡು ದಿನವಾದರೂ ಸ್ನಾಯು ಗಟ್ಟಿಯಾಗುವ ವ್ಯಾಯಾಮ ಮಾಡಿ ಅಂತ ವಿಶ್ವ ಆರೋಗ್ಯ ಸಂಸ್ಥೆಯೇ 2020ರ ಮಾರ್ಗಸೂಚಿಯಲ್ಲಿ ಹೇಳಿದೆ ಎಂದು ಮಗ ತೋರಿಸಿದ. ಅವನೇ ಒಂದು ಆ್ಯಪ್ ಹಾಕಿಕೊಟ್ಟ. ಹೆಸರು ಬೇಡ ಬಿಡಿ. ಇಂಥವು ಹತ್ತಾರು ಇವೆ, ಎಲ್ಲ ಹೆಚ್ಚು ಕಡಿಮೆ ಅಣ್ಣತಮ್ಮಂದಿರು.

ಭಾಷೆಯ ಜಾಗದಲ್ಲಿ ಕನ್ನಡ ಇತ್ತು. ಖುಷಿಯಿಂದ ಒತ್ತಿದೆ. ಡೆಡ್‌ಲಿಫ್ಟ್ ಇರಬೇಕಾದಲ್ಲಿ ‘ಸತ್ತ ಎತ್ತು’ ಎಂದು ಬಂತು. ನಮ್ಮ ಮನೆಯವರು ಊರಿನಲ್ಲಿ ಎತ್ತು ಕಟ್ಟಿ ಉತ್ತವರು. ಕಾಫಿ ಲೋಟ ಕೆಳಗಿಟ್ಟು ನಕ್ಕರು. ರೆಸ್ಟ್ ಅನ್ನೋ ಪದಕ್ಕೆ ‘ಉಳಿದದ್ದು’ ಎಂದಿತ್ತು. ಉಳಿದದ್ದು: 60. ಏನು ಉಳಿಯಿತು, ಯಾವುದರಲ್ಲಿ ಕಳೆದ ಮೇಲೆ ಉಳಿಯಿತು ಎಂದು ಗಣಿತದವಳು ಎರಡು ದಿನ ಒದ್ದಾಡಿದ್ದೇನೆ. ಆಮೇಲೆ ಇಂಗ್ಲಿಷಿಗೆ ಬದಲಾಯಿಸಿದೆ, ಅರ್ಥ ಆಯಿತು. ಅರ್ಥ ಆದ ಮೇಲೇ ತೊಂದರೆ ಶುರುವಾಗಿದ್ದು.

ಮೊದಲ ತಿಂಗಳು ಏನೂ ಆಗಲಿಲ್ಲ. ಪ್ಲೇಟ್ ಹಾಕದ ಬರೀ ಕಬ್ಬಿಣದ ಬಾರ್, 20 ಕೆ.ಜಿ. ಅದಕ್ಕೆ ಒಂದು ನಿಮಿಷ ಸಾಕಾಗುತ್ತಿತ್ತು. ಭಾರ ಏರಿದಂತೆ ಆ್ಯಪ್ ಮಾತ್ರ ಏರಲಿಲ್ಲ. ಆವತ್ತು ಡೆಡ್‌ಲಿಫ್ಟ್, 40 ಕೆ.ಜಿ., 12 ರೆಪ್. ಫೋನನ್ನು ರಬ್ಬರ್ ಮ್ಯಾಟಿನ ಮೇಲೆ, ಪ್ಲೇಟಿನ ಪಕ್ಕ ಇಟ್ಟಿದ್ದೆ. ಎರಡನೇ ಸೆಟ್ ಮುಗಿಸಿ ಮಂಡಿ ಮೇಲೆ ಕೈಯೂರಿ ನಿಂತಿದ್ದೇನೆ, ಇನ್ನೂ ಬಾಯಲ್ಲೇ ಉಸಿರು. ಫೋನು ಗುರ್ರ್ ಎಂದು ನಡುಗಿತು. ಮೂರು, ಎರಡು, ಒಂದು. ಪರದೆ ಹಸಿರಾಯಿತು. ಮೂವತ್ತು ವರ್ಷ ಶಾಲೆಯ ಬೆಲ್ಲಿಗೆ ಎದ್ದು ಕೂತ ಮೈ ಇದು, ಸದ್ದು ಕೇಳಿದರೆ ತಾನಾಗಿ ಬಗ್ಗುತ್ತದೆ. ಬಗ್ಗಿದೆ. ಆರನೆಯದಕ್ಕೆ ಬೆನ್ನು ಗುಂಡಗಾಗುವುದು ನನಗೇ ಗೊತ್ತಾಗುತ್ತಿತ್ತು. ಎಂಟನೆಯದಕ್ಕೆ ಸೊಂಟದ ಎಡಗಡೆ ಚಳುಕು ಹೊಡೆಯಿತು. ಬಾರ್ ಕೈಬಿಟ್ಟೆ. ಫೋನು ಮಾತ್ರ ‘ಇನ್ನು ನಾಲ್ಕು!’ ಎಂದು ಹುರಿದುಂಬಿಸುತ್ತಲೇ ಇತ್ತು.

ಐದು ದಿನ ಬಿಸಿನೀರಿನ ಚೀಲ. ಬೋರ್ಡಿನ ಕೆಳಗಿನ ಅರ್ಧದಲ್ಲಿ ಬರೆಯಲು ಆಗದೆ, ಮೇಲಿನ ಅರ್ಧದಲ್ಲೇ ಇಡೀ ತ್ರಿಕೋನಮಿತಿ ಮುಗಿಸಿದೆ. ಮಕ್ಕಳು ‘ಮಿಸ್, ಏನಾಯ್ತು?’ ಅಂದರು. ‘ಸತ್ತ ಎತ್ತು’ ಅಂದೆ.

ತಪ್ಪು ನನ್ನದೂ ಇದೆ, ಒಪ್ಪುತ್ತೇನೆ. ಬಾರ್ ಹಿಡಿದ ಕೈ ನನ್ನದು, ಆ್ಯಪ್‌ನದಲ್ಲ. ಆದರೆ ಆ 60 ಎಲ್ಲಿಂದ ಬಂತು ಎಂದು ಹುಡುಕದೆ ಇರಲು ಆಗಲಿಲ್ಲ. ಉತ್ತರದ ಮುಂದೆ ಲೆಕ್ಕದ ಹೆಜ್ಜೆ ಬರೆಯದಿದ್ದರೆ ನಾನು ಅಂಕ ಕೊಡುವವಳಲ್ಲ.

ಒಂದು ಕೀಲು ಮಾತ್ರ ಆಡುವ ವ್ಯಾಯಾಮ ಬೇರೆ, ಸೊಂಟ, ಮಂಡಿ, ಪಾದದ ಕೀಲು ಮೂರೂ ಸೇರಿ ಆಡುವ ವ್ಯಾಯಾಮ ಬೇರೆ. ಕರ್ಲ್ ಮೊದಲನೆಯದು. ಸ್ಕ್ವಾಟ್, ಡೆಡ್‌ಲಿಫ್ಟ್ ಎರಡನೆಯವು. ಬೆಂಚಿನ ಮೇಲೆ ಮಲಗಿ ಭಾರ ತಳ್ಳುವ ಬೆಂಚ್ ಪ್ರೆಸ್ಸು, ತಲೆಯ ಮೇಲಕ್ಕೆ ಎತ್ತುವ ಪ್ರೆಸ್ಸು, ಭಾರವನ್ನು ಹೊಟ್ಟೆಯ ಕಡೆಗೆ ಎಳೆಯುವ ರೋ, ಇವೂ ಒಂದಕ್ಕಿಂತ ಜಾಸ್ತಿ ಕೀಲಿನವೇ. ಜಿಮ್ಮಿನಲ್ಲಿ ಕಾಂಪೌಂಡ್ ಅನ್ನುವುದು ಇವಕ್ಕೇ. ಮೈಯ ಅರ್ಧ ಸ್ನಾಯು ಒಟ್ಟಿಗೆ ಕೆಲಸಕ್ಕಿಳಿಯುತ್ತದೆ. ಹತ್ತು ಸೆಕೆಂಡು ಜೋರಾಗಿ ಭಾರ ಎತ್ತಲು ಸ್ನಾಯುವಿನೊಳಗೆ ಕ್ರಿಯೇಟಿನ್ ಫಾಸ್ಫೇಟ್ ಎಂಬ ಸಣ್ಣ ದಾಸ್ತಾನು ಇರುತ್ತದೆ. ನಮ್ಮ ಬೆಂಗಳೂರಿನ ಮನೆಗಳ ಮೇಲಿನ ಟ್ಯಾಂಕ್ ಇದ್ದ ಹಾಗೆ. ಎಲ್ಲ ನಲ್ಲಿ ಒಟ್ಟಿಗೆ ಬಿಟ್ಟರೆ ಸರ್ರನೆ ಖಾಲಿ. ಸಂಪಿನಿಂದ ಮೋಟರ್ ಮತ್ತೆ ತುಂಬಿಸಬೇಕು. ಒಂದು ವ್ಯತ್ಯಾಸ ಏನೆಂದರೆ, ನಮ್ಮ ಮೋಟರ್ ಒಂದೇ ಸಮ ತುಂಬಿಸುತ್ತದೆ, ಸ್ನಾಯುವಿನದು ಹಾಗಲ್ಲ. ಮೊದಲರ್ಧ ಒಂದು ನಿಮಿಷದೊಳಗೇ ತುಂಬುತ್ತದೆ. ಉಳಿದದ್ದು ನಿಧಾನ. ಹೆಚ್ಚು ಕಡಿಮೆ ಪೂರ್ತಿಯಾಗಲು ಮೂರರಿಂದ ಐದು ನಿಮಿಷ ಹಿಡಿಯುತ್ತದೆ. ಅಂದರೆ 60 ಸೆಕೆಂಡಿಗೆ ಬೆಲ್ ಹೊಡೆದರೆ ಅರೆ ಟ್ಯಾಂಕಿನಲ್ಲಿ ಮತ್ತೆ ಎಲ್ಲ ನಲ್ಲಿ ಬಿಟ್ಟ ಹಾಗೆ. ಕೈಯೊಂದನ್ನೇ ಮಡಚಿದಾಗ ಇಡೀ ಮೈ ಏದುಸಿರು ಬಿಡುವುದಿಲ್ಲ, ಆಗ ಅರೆ ಟ್ಯಾಂಕೂ ನಡೆಯುತ್ತದೆ.

ಇದೇನೂ ನನ್ನ ಸಂಶೋಧನೆ ಅಲ್ಲ. ಅಮೆರಿಕದ ಕ್ರೀಡಾ ವೈದ್ಯರ ಕಾಲೇಜು, ಎಸಿಎಸ್‌ಎಂ ಅನ್ನುತ್ತಾರಲ್ಲ, 2009ರಲ್ಲೇ ಬರೆದಿಟ್ಟಿದೆ. ಶಕ್ತಿ ಬೆಳೆಯಬೇಕಾದರೆ ಇಂಥ ದೊಡ್ಡ ವ್ಯಾಯಾಮಗಳ ಸೆಟ್ ನಡುವೆ ಕನಿಷ್ಠ ಎರಡು ಮೂರು ನಿಮಿಷ, ಜೊತೆಗೆ ಮಾಡುವ ಸಣ್ಣ ವ್ಯಾಯಾಮಗಳಿಗೆ ಒಂದೆರಡು ನಿಮಿಷ. 2016ರಲ್ಲಿ ಅಮೆರಿಕದ ವ್ಯಾಯಾಮ ವಿಜ್ಞಾನಿ ಬ್ರಾಡ್ ಶೋನ್‌ಫೆಲ್ಡ್ ಮತ್ತು ಜೊತೆಗಾರರು ಒಂದು ಪ್ರಯೋಗ ಪ್ರಕಟಿಸಿದರು. ಮೊದಲೇ ಭಾರ ಎತ್ತಿ ಅಭ್ಯಾಸವಿದ್ದ 21 ಗಂಡಸರು. ಎಂಟು ವಾರ. ಎರಡೂ ಗುಂಪಿಗೆ ಅದೇ ವ್ಯಾಯಾಮ, ಅದೇ 8ರಿಂದ 12 ರೆಪ್. ಒಂದು ಗುಂಪಿಗೆ ಒಂದು ನಿಮಿಷ ರೆಸ್ಟ್, ಇನ್ನೊಂದಕ್ಕೆ ಮೂರು. ಮೂರು ನಿಮಿಷ ಕೂತವರಿಗೆ ಸ್ಕ್ವಾಟ್, ಬೆಂಚ್ ಎರಡರಲ್ಲೂ ಶಕ್ತಿ ಜಾಸ್ತಿ ಏರಿತು. ತೊಡೆಯ ಮುಂಭಾಗವೂ ಜಾಸ್ತಿ ದಪ್ಪವಾಯಿತು. 21 ಜನ ಬಹಳ ಕಡಿಮೆ, ಅವರಲ್ಲಿ ನನ್ನಂಥ ಹೆಂಗಸರು ಒಬ್ಬರೂ ಇಲ್ಲ, ನಿಜ. ಆದರೂ ಕಡಿಮೆ ರೆಸ್ಟ್ ಕೊಟ್ಟರೆ ಹಾರ್ಮೋನ್ ಉಕ್ಕಿ ಸ್ನಾಯು ಬೆಳೆಯುತ್ತದೆ ಎಂಬ ಹಳೇ ನಂಬಿಕೆಗೆ ಆ ಪ್ರಯೋಗ ಚೆನ್ನಾಗಿಯೇ ಪೆಟ್ಟು ಕೊಟ್ಟಿತು. ಪೆಟ್ಟು ಆ್ಯಪಿನವರಿಗೆ ಕೇಳಿಸಿದಂತಿಲ್ಲ.

ಇನ್ನು ರೆಪ್ಪಿನ ವಿಷಯ. ಹತ್ತು ರೆಪ್, ಮೂರು ಸೆಟ್ ಎನ್ನುವುದು ಆಕಾಶದಿಂದ ಬಿದ್ದದ್ದಲ್ಲ. ಎರಡನೇ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಸೇನಾ ವೈದ್ಯ ಥಾಮಸ್ ಡಿಲೋರ್ಮ್ ಗಾಯಗೊಂಡ ಸೈನಿಕರ ಕಾಲಿಗೆ ಭಾರ ಕಟ್ಟಿ ಶಕ್ತಿ ತರಿಸಿದರು. 1945ರಲ್ಲಿ ಅದರ ಬಗ್ಗೆ ಬರೆದರು. ಮೊದಲು ಹತ್ತರಂತೆ ಏಳರಿಂದ ಹತ್ತು ಸೆಟ್ ಮಾಡಿಸುತ್ತಿದ್ದರು. ಅದು ಜಾಸ್ತಿಯಾಯಿತು ಎಂದು 1948ರ ಹೊತ್ತಿಗೆ ಮೂರಕ್ಕೆ ಇಳಿಸಿದರು. ಅದರಲ್ಲೂ ಮೂರೂ ಸೆಟ್ ಒಂದೇ ಭಾರ ಅಲ್ಲ. ಹತ್ತು ಸಲ ಮಾತ್ರ ಎತ್ತಲು ಆಗುವ ಭಾರ ಎಷ್ಟೋ, ಮೊದಲ ಸೆಟ್ಟಿಗೆ ಅದರ ಅರ್ಧ, ಎರಡನೆಯದಕ್ಕೆ ಮುಕ್ಕಾಲು, ಮೂರನೆಯದಕ್ಕೆ ಪೂರ್ತಿ. ಎಷ್ಟು ನಾಜೂಕಾದ ಲೆಕ್ಕ ನೋಡಿ. ನಮ್ಮ ಆ್ಯಪ್‌ಗಳಿಗೆ ಬರುವಷ್ಟರಲ್ಲಿ ಅರ್ಧ ಮುಕ್ಕಾಲು ಎಲ್ಲ ಉದುರಿ, ಬರೀ ಮೂರು ಸೆಟ್ ಮತ್ತು ಹತ್ತೋ ಹನ್ನೆರಡೋ ರೆಪ್ ಉಳಿದಿವೆ.

ಹೊಸಬರಿಗೆ 8ರಿಂದ 12 ತಪ್ಪು ಎನ್ನುತ್ತಿಲ್ಲ. ಎಸಿಎಸ್‌ಎಂ ಕೂಡ ಹೊಸಬರಿಗೆ ಅದನ್ನೇ ಹೇಳಿದೆ. ಸ್ನಾಯು ದಪ್ಪವಾಗುವುದಕ್ಕೆ ಐದಾದರೂ ಆಗುತ್ತದೆ, ಇಪ್ಪತ್ತಾದರೂ ಆಗುತ್ತದೆ, ಸೆಟ್ಟಿನ ಕೊನೆಗೆ ಕಷ್ಟ ಆಗಬೇಕು ಅಷ್ಟೇ. ಶಕ್ತಿ ಬೇಕಿದ್ದವರು ದಿನ ಕಳೆದಂತೆ ಭಾರ ಏರಿಸಿ ರೆಪ್ ಇಳಿಸಬೇಕು. ನನ್ನ ತಕರಾರು ಡೆಡ್‌ಲಿಫ್ಟಿನ 12ರ ಮೇಲೆ. ಕರ್ಲಿನಲ್ಲಿ ಹನ್ನೊಂದನೆಯದು ಕೆಟ್ಟರೆ ಡಂಬೆಲ್ ಅರ್ಧಕ್ಕೆ ನಿಲ್ಲುತ್ತದೆ, ಮುಗಿಯಿತು. ಡೆಡ್‌ಲಿಫ್ಟಿನಲ್ಲಿ ಹನ್ನೊಂದನೆಯದು ಕೆಟ್ಟರೆ ಬೆನ್ನು ಕೆಡುತ್ತದೆ. ಐದೈದು ಮಾಡಿದರೆ ಪ್ರತಿ ಸಲವೂ ಹೇಗೆ ನಿಂತೆ, ಹೇಗೆ ಬಗ್ಗಿದೆ ಎನ್ನುವುದರ ಮೇಲೆ ಗಮನ ಇರುತ್ತದೆ. ನನ್ನ ಅನುಭವಕ್ಕೆ ಬಂದ ಮಾತು ಇದು.

ಈಗ ಗಣಿತದವಳಿಗೆ ಹೊಟ್ಟೆ ಉರಿದ ವಿಷಯ ಹೇಳುತ್ತೇನೆ. ಆ್ಯಪ್ ಕೊನೆಗೆ ಒಟ್ಟು ಭಾರ ಕೂಡಿ ತೋರಿಸುತ್ತದೆ. ತೂಕ ಗುಣಿಸು ರೆಪ್ ಗುಣಿಸು ಸೆಟ್. ಒಂದು ದಿನ 40 ಕೆ.ಜಿ. ಸ್ಕ್ವಾಟ್, ಐದೈದರಂತೆ ಮೂರು ಸೆಟ್ ಮಾಡಿದೆ. ಒಟ್ಟು 600. ನನ್ನ ಜೀವನದ ದೊಡ್ಡ ದಿನ ಅದು, ಕಾಲು ನಡುಗುತ್ತಿತ್ತು. ಆ್ಯಪ್‌ಗೆ ಖುಷಿ ಆಗಲಿಲ್ಲ. ಇನ್ನೊಂದು ದಿನ ಮೈಗೆ ಹುಷಾರಿಲ್ಲ ಎಂದು ಬರೀ ಬಾರ್ ಹಾಕಿಕೊಂಡು ಹದಿನೈದರಂತೆ ಮೂರು ಸೆಟ್ ಮಾಡಿದೆ. 20 ಗುಣಿಸು 15 ಗುಣಿಸು 3, 900. ಪಟಾಕಿ ಹಾರಿಸಿತು! ‘ಇವತ್ತು ನೀವು ಒಂದು ಕಾರು ಎತ್ತಿದ್ದೀರಿ’ ಎಂದಿತು.

ಇದಕ್ಕಿಂತ ಚೆನ್ನಾಗಿರುವುದು ‘ಒಂದೇ ಸಲ ಗರಿಷ್ಠ ಎಷ್ಟು ಎತ್ತಬಲ್ಲಿರಿ’ ಎಂಬ ಅಂದಾಜು. ಅದಕ್ಕೆ ಆ್ಯಪ್‌ಗಳು ಸಾಮಾನ್ಯವಾಗಿ ಬಳಸುವ ಸೂತ್ರ ನೆಬ್ರಾಸ್ಕಾ ವಿಶ್ವವಿದ್ಯಾಲಯದ ಕೋಚ್ ಆಗಿದ್ದ ಬಾಯ್ಡ್ ಎಪ್ಲೆ ಹೆಸರಿನದು. ರೆಪ್ಪಿನ ಸಂಖ್ಯೆಯನ್ನು 30ರಿಂದ ಭಾಗಿಸಿ, ಒಂದು ಕೂಡಿ, ತೂಕದಿಂದ ಗುಣಿಸಬೇಕು. 30 ಕೆ.ಜಿ. ಐದು ಸಲ ಎತ್ತಿದರೆ 35 ಬರುತ್ತದೆ. ಸರಿ. ಬರೀ ಬಾರ್, 20 ಕೆ.ಜಿ., 24 ಸಲ ಎತ್ತಿದರೆ? 36! ಅಂದರೆ ಖಾಲಿ ಬಾರ್ ಕುಣಿಸಿದವಳು 30 ಕೆ.ಜಿ. ಎತ್ತಿದವಳಿಗಿಂತ ಬಲಶಾಲಿ. ಹತ್ತಕ್ಕಿಂತ ಕಡಿಮೆ ರೆಪ್ ಇದ್ದಾಗ ಈ ಸೂತ್ರ ಸುಮಾರು ಸರಿ ಹೊಂದುತ್ತದೆ, ಮೇಲೆ ಹೋದಂತೆ ಜಾರುತ್ತದೆ. ಸೂತ್ರದ ತಪ್ಪಲ್ಲ. ಎಲ್ಲಿಯವರೆಗೆ ಬಳಸಬೇಕು ಎಂದು ನೋಡದೆ ಬಳಸಿದವರ ತಪ್ಪು. ಒಂಬತ್ತನೇ ಕ್ಲಾಸಿನ ಮಕ್ಕಳಿಗೆ ಇದನ್ನೇ ಲೆಕ್ಕವಾಗಿ ಕೊಟ್ಟೆ. ಹಿಂದಿನ ಬೆಂಚಿನ ಹುಡುಗನೊಬ್ಬ, ‘ಮಿಸ್, ಹಾಗಾದ್ರೆ ಪೆನ್ಸಿಲ್ ಎತ್ತಿದ್ರೂ ಸಾಕಲ್ವಾ?’ ಅಂದ. ಆ್ಯಪ್ ಕಂಪನಿಯವರು ಅವನನ್ನು ಕೆಲಸಕ್ಕೆ ಇಟ್ಟುಕೊಳ್ಳಬೇಕು.

‘ಅಮ್ಮಾ, ಸೆಟ್ಟಿಂಗ್ಸಲ್ಲಿ ರೆಸ್ಟ್ ಬದಲಾಯಿಸಬಹುದು ಕಣಮ್ಮ’ ಅಂತಾನೆ ಮಗ. ಹೌದು, ಬದಲಾಯಿಸಬಹುದು. ಮೂರು ಚುಕ್ಕಿ ಒತ್ತಿ, ಅದರೊಳಗೆ ಇನ್ನೊಂದು ಒತ್ತಿ, ಕೆಳಗೆ ಎಳೆದು. ಒಂದೊಂದು ವ್ಯಾಯಾಮಕ್ಕೆ ಬೇರೆ ಬೇರೆ ಇಡಬೇಕಾದರೆ ನನ್ನ ಆ್ಯಪ್‌ನಲ್ಲಿ ದುಡ್ಡು ಕಟ್ಟಬೇಕು. ಕೆಲವು ಆ್ಯಪ್‌ಗಳಲ್ಲಿ ಬಿಟ್ಟಿಯಾಗಿಯೇ ಇದೆಯಂತೆ, ಸಂತೋಷ. ಆದರೆ ಹೊಸಬರು ಯಾರು ಒತ್ತುತ್ತಾರೆ? ಮೊದಲ ದಿನ ಪರದೆಯ ಮೇಲೆ ಏನಿತ್ತೋ ಅದೇ ವೇದವಾಕ್ಯ. ಒಂದು ಅಂಕದ ಪ್ರಶ್ನೆಗೂ ಪೈಥಾಗೊರಸ್ ಪ್ರಮೇಯದ ಸಾಧನೆಗೂ ತಲಾ ಒಂದು ನಿಮಿಷ ಎಂದು ಪ್ರಶ್ನೆಪತ್ರಿಕೆಯಲ್ಲಿ ಅಚ್ಚು ಹಾಕಿ, ‘ಬೇಕಾದವರು ಬದಲಾಯಿಸಿಕೊಳ್ಳಿ’ ಎಂದರೆ ಪೋಷಕರು ನನ್ನನ್ನು ಬಿಡುತ್ತಾರಾ?

ಭಾರ ಎತ್ತುವುದನ್ನೇ ಆಟ ಮಾಡಿಕೊಂಡವರನ್ನು ನೋಡಿ. ಕುಂದಾಪುರ ಕಡೆಯ ಗುರುರಾಜ ಪೂಜಾರಿ 2018ರಲ್ಲಿ ಗೋಲ್ಡ್ ಕೋಸ್ಟ್‌ ಕಾಮನ್‌ವೆಲ್ತ್ ಕೂಟದಲ್ಲಿ 56 ಕೆ.ಜಿ. ವಿಭಾಗದ ಬೆಳ್ಳಿ ಗೆದ್ದರು, ಒಟ್ಟು 249 ಕೆ.ಜಿ. ಎತ್ತಿ. 2022ರಲ್ಲಿ ಬರ್ಮಿಂಗ್‌ಹ್ಯಾಮಿನಲ್ಲಿ 61 ಕೆ.ಜಿ. ವಿಭಾಗದ ಕಂಚು. ಆ ಆಟದ ನಿಯಮ ಗೊತ್ತಾ? ಹೆಸರು ಕರೆದ ಮೇಲೆ ಬಾರ್ ಎತ್ತಲು ಒಂದು ನಿಮಿಷ. ಆದರೆ ಅದೇ ಆಟಗಾರ ಬೆನ್ನಿಗೆ ಬೆನ್ನಿಗೆ ಮತ್ತೆ ಎತ್ತಬೇಕಾದರೆ ಎರಡು ನಿಮಿಷ ಕೊಡುತ್ತಾರೆ. ಅವರು ಎತ್ತುವುದು ಒಂದೇ ಒಂದು ಸಲ. ಆ ಒಂದಕ್ಕೆ ಎರಡು ನಿಮಿಷ. 51 ವರ್ಷದ ಟೀಚರಿಗೆ ಹನ್ನೆರಡು ಸಲ ಎತ್ತಿದ ಮೇಲೆ ಒಂದೇ ನಿಮಿಷ!

ನಮ್ಮ ಅಪ್ಪ ನಗರ್ತಪೇಟೆಯಲ್ಲಿ ಬೆಳೆದವರು, ಹುಡುಗರಾಗಿದ್ದಾಗ ಗರಡಿಗೆ ಹೋಗುತ್ತಿದ್ದರು. ಬಸ್ಕಿ, ದಂಡ, ಗದೆ ತಿರುಗಿಸುವುದು, ಕೆಮ್ಮಣ್ಣು. ಅಲ್ಲಿ ಗಡಿಯಾರ ಇರಲಿಲ್ಲವಂತೆ. ಉಸ್ತಾದರು ಹುಡುಗರ ಬಾಯಿ ನೋಡುತ್ತಿದ್ದರು. ‘ಉಸಿರು ಬಾಯಲ್ಲಿದ್ರೆ ನಿಲ್ಲು, ಮೂಗಿಗೆ ಬಂದ್ಮೇಲೆ ಬಾ’ ಅನ್ನುತ್ತಿದ್ದರಂತೆ. ಸೊಂಟ ಸರಿಯಾದ ಮೇಲೆ ನಾನು ಇದನ್ನೇ ಪರೀಕ್ಷಿಸಿ ನೋಡಿದೆ. ಟೈಮರ್ ಆರಿಸಿ, ಗೋಡೆಯ ಗಡಿಯಾರ ಇಟ್ಟುಕೊಂಡು. ಕರ್ಲ್ ಮಾಡಿದಾಗ ಮುಕ್ಕಾಲು ನಿಮಿಷಕ್ಕೇ ಉಸಿರು ಮೂಗಿಗೆ ಬರುತ್ತಿತ್ತು. ಸ್ಕ್ವಾಟಿನ ಮೂರನೇ ಸೆಟ್ ಆದ ಮೇಲೆ ಎರಡೂವರೆ, ಒಮ್ಮೊಮ್ಮೆ ಮೂರು. ಯುದ್ಧದ ಡಾಕ್ಟರೂ ಬೇಡ, 21 ಜನರೂ ಬೇಡ. ಉಸ್ತಾದರಿಗೆ ಗೊತ್ತಿತ್ತು.

ದೂರದಿಂದ ಹೇಳಿಕೊಡುವುದೂ ನಮ್ಮ ಊರಿಗೆ ಹೊಸದಲ್ಲ. ಜೆ.ಸಿ. ರಸ್ತೆಯಲ್ಲಿ ವ್ಯಾಯಾಮಶಾಲೆ ನಡೆಸಿದ ಕೆ.ವಿ. ಅಯ್ಯರ್ ಅಂಚೆಯ ಮೂಲಕವೇ ವ್ಯಾಯಾಮದ ಪಾಠ ಕಳಿಸುತ್ತಿದ್ದರು. ಅವರ ಕಾಲದಲ್ಲಿ ಕಾಗದಕ್ಕೆ ಗುರ್ರ್ ಎನ್ನಲು ಬರುತ್ತಿರಲಿಲ್ಲ ಅಷ್ಟೇ.

ಮೂರು ನಿಮಿಷ ಕೂತರೆ ಜಿಮ್ಮಿನಲ್ಲಿ ಜಗಳ ಆಗುತ್ತದೆ ಎನ್ನುವವರಿದ್ದಾರೆ. ಅದು ಸುಳ್ಳಲ್ಲ. ನಮ್ಮಲ್ಲಿ ಸ್ಕ್ವಾಟ್ ರ‍್ಯಾಕ್ ಇರುವುದು ಒಂದೇ. ಆರೂವರೆಗೆ ನಾಲ್ಕು ಜನ ಕಾಯುತ್ತಾರೆ. ‘ಆಯ್ತಾ ಆಂಟಿ?’ ಅಂತ ಒಬ್ಬಳು ಕಾಲೇಜು ಹುಡುಗಿ ದಿನಾ ಕೇಳುತ್ತಿದ್ದಳು. ಒಂದು ದಿನ ‘ಬಾರಮ್ಮ, ಸೇರಿಸಿಕೊಂಡು ಮಾಡೋಣ’ ಅಂದೆ. ಅವಳದು 50 ಕೆ.ಜಿ., ನನ್ನದು 40. ಅವಳು ಎತ್ತುವಾಗ ನಾನು ಹಿಂದೆ ನಿಲ್ಲುತ್ತೇನೆ. ಆಮೇಲೆ ಆ ಕಡೆ ಒಂದು, ಈ ಕಡೆ ಒಂದು ಐದು ಕೆ.ಜಿ. ಪ್ಲೇಟ್ ತೆಗೆಯುತ್ತೇವೆ. ನಾನು ಎತ್ತುತ್ತೇನೆ. ಮತ್ತೆ ಪ್ಲೇಟ್ ಹಾಕುತ್ತೇವೆ. ಅವಳ ಪ್ರಾಜೆಕ್ಟ್ ಗೈಡನ್ನು ಎರಡು ಮಾತು ಬೈಯುತ್ತೇವೆ. ನೋಡಿದರೆ ತಾನಾಗಿ ಎರಡೂವರೆ ನಿಮಿಷ ಆಗಿರುತ್ತದೆ. ರ‍್ಯಾಕೂ ಖಾಲಿ ಕೂರುವುದಿಲ್ಲ.

ಸಮಯದ ಲೆಕ್ಕವನ್ನೂ ಕೊಡುತ್ತೇನೆ, ಏಕೆಂದರೆ ನನ್ನ ಸ್ಕೂಲ್ ವ್ಯಾನ್ 7.20ಕ್ಕೆ. ನಿಮ್ಮ ಪಟ್ಟಿಯ ಎಂಟು ವ್ಯಾಯಾಮಕ್ಕೆ ಮೂರು ಸೆಟ್ಟಿನಂತೆ 24 ಸೆಟ್. ಮೂರು ನಿಮಿಷ ರೆಸ್ಟ್ ಕೊಟ್ಟರೆ ರೆಸ್ಟೇ 72 ನಿಮಿಷ, ಆಗದ ಮಾತು. ಅದಕ್ಕೇ ಎಲ್ಲರೂ ರೆಸ್ಟಿಗೆ ಕತ್ತರಿ ಹಾಕುವುದು. ನಾನು ವ್ಯಾಯಾಮಕ್ಕೆ ಹಾಕಿದೆ. ಒಂದು ದಿನ ಸ್ಕ್ವಾಟ್, ಬೆಂಚ್, ರೋ. ಇನ್ನೊಂದು ದಿನ ಡೆಡ್‌ಲಿಫ್ಟ್, ತಲೆ ಮೇಲಿನ ಪ್ರೆಸ್, ಸಮಯ ಉಳಿದರೆ ಒಂದು ನಿಮಿಷದ ರೆಸ್ಟಿನಲ್ಲಿ ಕರ್ಲ್. ಬೆಂಚನ್ನೂ ರೋವನ್ನೂ ಒಂದಾದ ಮೇಲೊಂದು ಸೆಟ್ ಮಾಡುತ್ತೇನೆ. ಒಂದು ಮುಂದಕ್ಕೆ ತಳ್ಳುವುದು, ಇನ್ನೊಂದು ಹಿಂದಕ್ಕೆ ಎಳೆಯುವುದು. ಎದೆ ಸುಧಾರಿಸಿಕೊಳ್ಳುವಾಗ ಬೆನ್ನು ಕೆಲಸ ಮಾಡಿರುತ್ತದೆ. 45 ನಿಮಿಷದಲ್ಲಿ ಮನೆ.

ಆ್ಯಪ್ ಬಿಟ್ಟಿಲ್ಲ. ಹೋದ ವಾರ ಎಷ್ಟು ಎತ್ತಿದ್ದೆ ಎಂದು ನೆನಪಿಡಲು ಅದು ಒಳ್ಳೆಯ ನೋಟ್‌ಬುಕ್. ಈ ಊರಿನಲ್ಲಿ ಪ್ರತಿ ಮೂರನೇ ಮನೆಯಲ್ಲಿ ಒಬ್ಬ ಸಾಫ್ಟ್‌ವೇರಿನವನು ಇದ್ದಾನಲ್ಲ, ಇದನ್ನು ಓದುವ ಅವರಲ್ಲಿ ಒಬ್ಬರಾದರೂ ಇಂಥ ಆ್ಯಪ್ ಮಾಡುವವರು ಇರಬಹುದು. ಅವರಿಗೆ ನನ್ನ ಮನವಿ ಸಣ್ಣದು. ಸ್ಕ್ವಾಟ್, ಡೆಡ್‌ಲಿಫ್ಟ್, ಪ್ರೆಸ್ ಎಂದು ಆರಿಸಿದ ಕೂಡಲೇ ರೆಸ್ಟ್ ತಾನಾಗಿ ಮೂರು ನಿಮಿಷಕ್ಕೆ ಬರಲಿ. ಎಣಿಕೆ ಮೇಲಿಂದ ಇಳಿಯುವುದು ಬೇಡ, ಸೊನ್ನೆಯಿಂದ ಏರಲಿ. ಎಷ್ಟು ಹೊತ್ತು ಕೂತೆ ಅಂತ ತೋರಿಸಲಿ, ಏಳು ಅಂತ ಹೇಳದಿರಲಿ. ಮತ್ತೆ ದಯವಿಟ್ಟು ಆ ಎತ್ತನ್ನು ಬದುಕಿಸಿ.

ತಮ್ಮಲ್ಲಿ ಕೇಳುವುದು ಇಷ್ಟೇ. ಮುಂದಿನ ಪುರವಣಿಯಲ್ಲಿ ಅದೇ ಅಳತೆಯಲ್ಲಿ ತಿದ್ದಿದ ಪಟ್ಟಿ ಹಾಕಿ. ಸ್ಕ್ವಾಟ್, ಡೆಡ್‌ಲಿಫ್ಟ್ ಮುಂದೆ ಎರಡರಿಂದ ಮೂರು ನಿಮಿಷ ಎಂದು, ಡೆಡ್‌ಲಿಫ್ಟ್ ಮುಂದೆ 12ರ ಬದಲು 5 ಎಂದು. ಹಳೆಯದರ ಮೇಲೆ ಅಂಟಿಸಲು ಅನುಕೂಲ ಆಗುತ್ತದೆ. ಗೋಂದು ನಾನೇ ತರುತ್ತೇನೆ.

ಇಂತಿ,
ಒಬ್ಬ ಗಣಿತ ಶಿಕ್ಷಕಿ
ವಿಜಯನಗರ, ಬೆಂಗಳೂರು